ರಿಂಗ್ ನಿಂತ ಜಾಗ

ಕೊಕ್ಕರೆಗೆ ಎಲ್ಲಿಯ ರೆಪ್ಪೆಗೂದಲು?

ಗಂಡ ಬಾಯಿ ತಪ್ಪಿ ಆಡಿದ ಆ ಒಂದು ಮಾತು ಅವಳ ನೆಮ್ಮದಿ ಕೆಡಿಸಿತ್ತು. ಹೊಸ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಹಾಕಿ, ಕೈಯಿಂದ ರಿಂಗ್ ತಿರುಗಿಸಿ ಫೋಕಸ್ ಮಾಡುವುದು ಹೇಗೆಂದು ತೋರಿಸುತ್ತಿದ್ದ. ಎಲ್ಲಿ ಸ್ಪಷ್ಟವಾಗಿದೆಯೋ ಅಲ್ಲಿ ಪರದೆಯ ಮೇಲೆ ಕೆಂಪು ಗೆರೆ ಮೂಡುತ್ತದಂತೆ. "ರೆಪ್ಪೆಗೂದಲ ಮೇಲೆ ಕೆಂಪು ಬಂತು ಅಂದ್ರೆ ಒತ್ತಿಬಿಡೋದು," ಅಂದಿದ್ದ. ದಿನಾ ಬೆಳಿಗ್ಗೆ ಕೆರೆಗೆ ಹೋಗಿ ಕೊಕ್ಕರೆ ಫೋಟೊ ತೆಗೆಯುತ್ತೇನೆ ಎನ್ನುವ ಮಹಾನುಭಾವ!

ಕಿವಿಯ ಮೇಲೆ ಹೂವಿಡಿಸಿಕೊಳ್ಳಲು ಅವಳು ಏನೂ ತಿಳಿಯದವಳಲ್ಲ. ಸ್ಟುಡಿಯೋ ಇದ್ದ ಕಾಲದಲ್ಲಿ ಅವನು ಮುಂದೆ ನಿಂತು ಫೋಟೊ ತೆಗೆದರೆ, ಅವಳು ಹಿಂದಿನ ಕೋಣೆಯಲ್ಲಿ ಕೂತು ನೆಗೆಟಿವ್‌ಗಳಿಗೆ ಟಚಿಂಗ್ ಮಾಡುತ್ತಿದ್ದಳು. ಪೆನ್ಸಿಲ್ ತುದಿಯಿಂದ ಎಷ್ಟು ಜನರ ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಮುಚ್ಚಿದ್ದಳೋ. ಒಮ್ಮೆ ಟಚಿಂಗ್ ಮಾಡಿದ ಮುಖವನ್ನು ಬೀದಿಯಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು.

ಚಪ್ಪಲಿ ಸವೆದರೂ ಹೊಲಿಸಿಕೊಂಡು ಹಾಕುವ ಗಂಡ ಇದ್ದಕ್ಕಿದ್ದಂತೆ ಒಳಗೆ ಕನ್ನಡಿಯೇ ಇಲ್ಲದ ದುಬಾರಿ ಮಿರರ್‌ಲೆಸ್ ಕ್ಯಾಮೆರಾ ತಂದಾಗಲೇ ಅವಳಿಗೆ ವಿಚಿತ್ರ ಅನಿಸಿತ್ತು. ಜೊತೆಗೆ ಬಂದ ಲೆನ್ಸನ್ನು ಡಬ್ಬದಿಂದ ಹೊರಗೂ ತೆಗೆಯಲಿಲ್ಲ. ಸ್ಟುಡಿಯೋದ ಹಳೆಯ ಪೋರ್ಟ್ರೇಟ್ ಲೆನ್ಸನ್ನು ಅಡಾಪ್ಟರ್ ಹಾಕಿ ಕೂರಿಸಿಕೊಂಡ. ಯಾಕೆಂದು ಕೇಳಿದ್ದಳು.

"ಹೊಸದು ಗುಂಯ್ ಅಂತ ಸದ್ದು ಮಾಡುತ್ತೆ. ಎಚ್ಚರ ಆಗಿಬಿಟ್ರೆ?"

"ಯಾರಿಗೆ?"

"ಕೊಕ್ಕರೆಗೆ," ಅಂದ, ಲೆನ್ಸ್ ಒರೆಸುತ್ತಾ.

ಹಳೆಯ ಲೆನ್ಸಿನ ಗುಣವೆಂದರೆ ಅದು ಸುಳ್ಳು ಹೇಳುವುದಿಲ್ಲ. ರಿಂಗ್ ಎಲ್ಲಿ ತಿರುಗಿಸಿ ಬಿಟ್ಟಿದ್ದೀರೋ ಅಲ್ಲೇ ನಿಂತಿರುತ್ತದೆ. ಕೆರೆ, ಆಕಾಶ, ಹಕ್ಕಿ ತೆಗೆದಿದ್ದರೆ ಅದು ದೂರದ ಕೊನೆಯಲ್ಲಿ, ಅಡ್ಡ ಮಲಗಿದ ಎಂಟರ ಗುರುತಿನ ಹತ್ತಿರ ಇರಬೇಕು. ಅವಳು ಸಂಜೆ ಬೀರು ತೆಗೆದು ನೋಡಿದಾಗಲೆಲ್ಲ ಅದು ಇನ್ನೊಂದು ಕೊನೆಯಲ್ಲಿ, ಕೈ ಚಾಚಿದರೆ ಮುಟ್ಟುವ ದೂರದ ಗುರುತಿನಲ್ಲಿ ನಿಂತಿರುತ್ತಿತ್ತು. ಅಷ್ಟು ಹತ್ತಿರದ ಕೊಕ್ಕರೆ ಎಂದರೆ ಅದು ಇವನ ತೊಡೆಯ ಮೇಲೇ ಕೂತಿರಬೇಕು.

ಜೊತೆಗೆ ಅವನ ವಿನಯ ಬೇರೆ. ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದವನು ಈಗ ಅಡಿಗೆ ಮಾಡುತ್ತಾನೆ, ಅವಳ ಕಾಲು ಒತ್ತುತ್ತಾನೆ. ತಪ್ಪು ಮಾಡಿದ ಗಂಡಸಿಗೇ ಇಷ್ಟು ಒಳ್ಳೆಯತನ ಬರುವುದು ಎಂದುಕೊಂಡಳು. ಅವಳಿಗೋ ಹೊಟ್ಟೆಯಲ್ಲಿ ಹುಣ್ಣು. ಹಾಗೆಂದು ಡಾಕ್ಟರ ಹತ್ತಿರ ಕೇಳಿಕೊಂಡು ಬಂದು ಹೇಳಿದವನೂ ಅವನೇ. ಮಾತ್ರೆ ನುಂಗಿದರೆ ಮಧ್ಯಾಹ್ನವೆಲ್ಲ ಸತ್ತ ಹೆಣದ ಹಾಗೆ ನಿದ್ದೆ. ಊಟ ಸೇರದೆ ಬೆರಳಿನ ಉಂಗುರ ಜಾರುತ್ತಿತ್ತು, ತೆಗೆದಿಟ್ಟಿದ್ದಳು.

ಕೊಂಚ ಮುಖ ತಿದ್ದಿಕೊಂಡು ಜಗಳಕ್ಕೆ ನಿಲ್ಲೋಣವೆಂದರೆ ಕನ್ನಡಿಯೂ ಇರಲಿಲ್ಲ. ಬಚ್ಚಲಿನದು ಅವನ ಕೈ ಜಾರಿ ಒಡೆದಿತ್ತು. ಬೀರುವಿನದನ್ನು ರಸ ಹೋಗಿದೆಯೆಂದು ಅಂಗಡಿಗೆ ಕೊಟ್ಟವನು ವಾಪಸು ತಂದಿರಲಿಲ್ಲ. "ನಿಮ್ಮ ಕ್ಯಾಮೆರಾದಲ್ಲೂ ಕನ್ನಡಿ ಇಲ್ಲ, ಮನೆಯಲ್ಲೂ ಇಲ್ಲ," ಎಂದು ಅವಳು ಹಾಸ್ಯ ಮಾಡಿದರೆ ಅವನು ನಗಲಿಲ್ಲ.

ಮಗಳು ಈಗ ದಿನಾ ಫೋನ್ ಮಾಡುತ್ತಾಳೆ. ಅಪ್ಪ ಬಾಲ್ಕನಿಗೆ ಹೋಗಿ ಪಿಸುಗುಟ್ಟುತ್ತಾನೆ. ಮೊನ್ನೆ ತಂಗಿ ಬಂದವಳು ಕಾರಣವಿಲ್ಲದೆ ತಬ್ಬಿಕೊಂಡು ಅತ್ತಳು. ಅಂದರೆ ಎಲ್ಲರಿಗೂ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ! ಅವಳ ಹೊಟ್ಟೆ ಉರಿದದ್ದು ಅದಕ್ಕೇ. ಉರಿಗಿಂತ ಹೆಚ್ಚಾಗಿ ಭಯ. ಈ ವಯಸ್ಸಿನಲ್ಲಿ, ಈ ಕಾಯಿಲೆಯಲ್ಲಿ ಇವನೂ ಕೈಬಿಟ್ಟರೆ ಗತಿ ಏನು?

ಪ್ರತಿದಿನ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳುವವನು ಇವತ್ತು ಮರೆತಿದ್ದ. ಔಷಧಿ ಅಂಗಡಿಯಿಂದ ಫೋನ್ ಬಂತೆಂದು ಅವಸರದಲ್ಲಿ ಹೊರಟುಹೋಗಿದ್ದ. ಅವಳು ಮಂಚದ ಮೇಲೆ ಕೂತು ಕ್ಯಾಮೆರಾ ಆನ್ ಮಾಡಿದಳು.

ಕೊಕ್ಕರೆ ಇರಲಿಲ್ಲ. ಹೆಂಗಸಿದ್ದಳು.

ಕಪ್ಪು ಬಿಳುಪು ಚಿತ್ರ. ತೀರಾ ಹತ್ತಿರದಿಂದ ತೆಗೆದದ್ದು. ಮುಚ್ಚಿದ ಕಣ್ಣಿನ ರೆಪ್ಪೆ ಮಾತ್ರ ಕೂದಲು ಕೂದಲಾಗಿ ಸ್ಪಷ್ಟ, ಹಿಂದಿನದೆಲ್ಲ ಹಾಲಿನಲ್ಲಿ ಕಲಸಿದಂತೆ ಮಸುಕು. ಯಾವ ಮನೆ, ಯಾವ ಹಾಸಿಗೆ, ಒಂದೂ ತಿಳಿಯದು. ಕೆನ್ನೆ ಒಳಕ್ಕೆ ಹೋಗಿ ಮೂಳೆ ಎದ್ದಿತ್ತು. ಕತ್ತಿನ ನರ ಹಗ್ಗದ ಹಾಗಿತ್ತು. ಅಯ್ಯೋ, ಈ ಎಲುಬಿನ ಗೂಡಿನಲ್ಲಿ ಇವನು ಏನು ಕಂಡ ಎಂದು ಅವಳಿಗೆ ಅಸಹ್ಯವಾಯಿತು. ಯಾವ ಪೆನ್ಸಿಲ್ಲೂ ಈ ಮುಖವನ್ನು ತಿದ್ದಲಾರದು.

ಬಾಗಿಲು ಸದ್ದಾಯಿತು. ಔಷಧಿಯ ಚೀಲ ಹಿಡಿದು ಅವನು ಒಳಗೆ ಬಂದ. ಅವಳು ಪರದೆಯನ್ನು ಅವನ ಮುಖಕ್ಕೆ ತಿರುಗಿಸಿದಳು.

"ಯಾರ್ರೀ ಇವಳು?"

ಅವನು ಅಲ್ಲಗಳೆಯಲಿಲ್ಲ. ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ. 

"ಹಿಂದಕ್ಕೆ ಒತ್ತುತ್ತಾ ಹೋಗು," ಅಂದ. "ಗೊತ್ತಾಗುತ್ತೆ."

ಒತ್ತಿದಳು. ಅದೇ ಹೆಂಗಸು, ಅದೇ ಮುಚ್ಚಿದ ಕಣ್ಣು. ಮತ್ತೆ ಒತ್ತಿದಳು. ಒತ್ತಿದಂತೆಲ್ಲ, ಯಾರೋ ಕೂತು ಟಚಿಂಗ್ ಮಾಡುತ್ತಿರುವ ಹಾಗೆ ಮೂಳೆ ಮುಚ್ಚಿಕೊಂಡಿತು, ಕತ್ತಿನ ನರ ಇಳಿಯಿತು, ತುಟಿಗೆ ತುಂಬು ಬಂತು. ಒಂದು ಕಾಲಕ್ಕೆ ಲಕ್ಷಣವಾಗಿಯೇ ಇದ್ದಳು ಎಂದು ಅವಳು ಹೊಟ್ಟೆಕಿಚ್ಚಿನಲ್ಲೂ ಒಪ್ಪಿಕೊಂಡಳು.

"ಯಾವಾಗಿನಿಂದ ನಡೀತಿದೆ ಇದು?"

"ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರಲ್ಲ, ಅವತ್ತಿನಿಂದ."

ಅವಳ ಬೆರಳು ಇನ್ನೊಂದು ಸಲ ಒತ್ತಿತು. ಮೊಟ್ಟಮೊದಲ ಚಿತ್ರದಲ್ಲಿ ಮಲಗಿದ್ದವಳು, ಬೀರುವಿಗೆ ಕನ್ನಡಿ ಇದ್ದಾಗ ದಿನಾ ಬೆಳಿಗ್ಗೆ ಅದರೊಳಗಿಂದ ಅವಳನ್ನೇ ನೋಡುತ್ತಾ ತಲೆ ಬಾಚಿಕೊಳ್ಳುತ್ತಿದ್ದವಳು.