ಚಹಾ ವಿರಾಮದ ಬಾಬ್ತು

ನಮ್ಮ ಸಂಶೋಧನಾ ಅನುದಾನ ಮಂಡಳಿಯಲ್ಲಿ ಪ್ರವಾಸದ ಬಿಲ್ಲಿಗೆ ರೈಲು ಟಿಕೆಟ್ಟಿನ ಜೊತೆ ಪ್ರವಾಸದ ನೆನಪನ್ನೂ ಲಗತ್ತಿಸಬೇಕು. ಸರ್ಕಾರಿ ಕೆಲಸಕ್ಕೆ ಸೇರದ ನೆನಪನ್ನು ನಾನು ಕತ್ತರಿಸುತ್ತೇನೆ. ಕತ್ತರಿಸಿದ್ದು ಪ್ರವಾಸ ಹೋದವರ ತಲೆಯಿಂದಲೂ ಅಳಿಸಿಹೋಗುತ್ತದೆ.

ಇವತ್ತು ವಿಜ್ಞಾನಿ ಗಿರಿಜಾಂಬ ಎದುರಿಗೆ ಕೂತಿದ್ದರು. ಐವತ್ತೆರಡನೇ ವಯಸ್ಸಿಗೆ ಮೊದಲ ಸಮ್ಮೇಳನ, ವಿಶಾಖಪಟ್ಟಣದಲ್ಲಿ. ನೆನಪು ತೋರಿಸುವ ಪಟ್ಟಿಯನ್ನು ತಲೆಗೆ ಕಟ್ಟಿಕೊಂಡು ಅವರ ಪ್ರವಾಸ ನೋಡಿದೆ. ಭಾಷಣ, ಮತ್ತೆ ಭಾಷಣ, ತಣ್ಣಗಾದ ಸಮೋಸಾ, ಆಮೇಲೆ ಇದ್ದಕ್ಕಿದ್ದಂತೆ ಕಡಲು. ಸೀರೆ ಎತ್ತಿ ಹಿಡಿದ ಕೈಗಳು, ಕಾಲಿಗೆ ನೊರೆ, ಒಬ್ಬರೇ ಕಿರುಚಿ ನಕ್ಕ ಸದ್ದು. ಪೂರಾ ಎರಡು ಗಂಟೆ.

"ಅದೊಂದು ಕತ್ತರಿಸ್ಬೇಡಿ ಮೇಡಂ," ಎಂದರು. "ಬೇಕಾದ್ರೆ ದಿನಭತ್ಯೆ ಪೂರ್ತಿ ಹಿಡ್ಕೊಳ್ಳಿ."

"ಹಂಗೆ ಬಿಡೋಕೆ ಬರಲ್ಲ ಡಾಕ್ಟ್ರೇ. ಯಾವುದಾದ್ರೂ ಬಾಬ್ತಿಗೆ ಸೇರ್ಬೇಕು."

ಪಟ್ಟಿ ಬಿಚ್ಚಿದರೂ ನನ್ನ ಪಾದಕ್ಕೆ ಮರಳು ಕಚಗುಳಿ ಇಡುತ್ತಲೇ ಇತ್ತು. ಇಪ್ಪತ್ತು ವರ್ಷದಿಂದ ಬೇರೆಯವರು ಕಂಡ ಊರುಗಳನ್ನು ನೋಡುತ್ತ ಬಂದಿದ್ದೇನೆ. ಮಂಡಳಿಯ ಖರ್ಚಿನಲ್ಲಿ ಇಷ್ಟು ನಕ್ಕವರನ್ನು ಕಂಡಿರಲಿಲ್ಲ. ಬಿಲ್ಲಿನಲ್ಲಿ ಕಡಲಿನ ಎದುರಿಗೆ 'ಚಹಾ ವಿರಾಮ' ಎಂದು ಬರೆದು ಸಹಿ ಹಾಕಿದೆ.

"ಎರಡು ಗಂಟೆ ಚಹಾನಾ? ಮೇಲಿನೋರು ಕೇಳಿದ್ರೆ?"

"ತುಂಬ ಬಿಸಿ ಇತ್ತು, ಆರೋಕೆ ಬಿಟ್ಟಿದ್ರು ಅಂತೀನಿ. ಮುಂದಿನ ಸಲ ಇನ್ನೊಂದು ಕಪ್ಪು ಜಾಸ್ತಿ ಕುಡೀರಿ, ನನ್ನ ಪಾಲಿಂದು."