ಹಾಟ್‌ಸ್ಪಾಟಿನ ಎರಡನೇ ಹೆಸರು

"ಮತ್ತೆ ಒಳಕ್ಕೆ ನುಗ್ಗವ್ನೆ ಕಳ್ಳ!"

ಮಧುಕುಮಾರ್ ಮೊಬೈಲನ್ನು ಹೆಂಡತಿಯ ಮೂಗಿಗೇ ಹಿಡಿದ. ಹಾಟ್‌ಸ್ಪಾಟಿಗೆ ಸೇರಿಕೊಂಡವರ ಸಾಲಿನಲ್ಲಿ ಎರಡು ಹೆಸರುಗಳಿದ್ದವು. ಮೊದಲನೆಯದು ಅವನದೇ ಲ್ಯಾಪ್‌ಟಾಪು. ಎರಡನೆಯದು ಯಾವುದೋ ಮೊಬೈಲು.

ನೇತ್ರಾವತಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಪಾಸ್‌ವರ್ಡ್ ಬದ್ಲಾಯ್ಸಿ ಅತ್ಲಾಗೆ."

"ನಾನ್ಯಾಕೆ ಬದ್ಲಾಯ್ಸ್ಲಿ? ಕಳ್ಳನ್ನ ಇಡೀಬೇಕು. ಅವನಿಗೆ ಎದ್ರಿ ಬಾಗ್ಲು ಮುಚ್ಕೊಂಡು ಕೂತ್ಕಳಕ್ಕಾಯ್ತದಾ?"

ಮಧು ಹಳೇಕೋಟೆಯ ಹಾಲಿನ ಡೇರಿಯ ಕಾರ್ಯದರ್ಶಿ. ಯಾರು ಎಷ್ಟು ಹಾಲು ಹಾಕಿದರು ಎಂಬುದನ್ನು ಪ್ರತಿ ಸಂಜೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಕಳಿಸಬೇಕು. ಅರ್ಧ ಕಳಿಸುವಷ್ಟರಲ್ಲಿ ಡೇಟಾ ಖಾಲಿ. ಮೇಲಿನವರೂ ಬೈಯುತ್ತಿದ್ದರು, ಊರಿನವರೂ ಬೈಯುತ್ತಿದ್ದರು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಮನುಷ್ಯ ಅವನು.

ಕಳ್ಳ ಯಾರೆಂಬ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಗೋಡೆಯಾಚೆಯ ತಮ್ಮ, ಮಹೇಶ.

ಅಪ್ಪನ ತಿಥಿ ಮುಗಿದ ವಾರವೇ ಮನೆ ಭಾಗವಾಗಿತ್ತು. ನಡುವೆ ಗೋಡೆ ಎದ್ದಿತ್ತು. ಸತ್ತವರ ಸಾಮಾನು ಮನೆಯಲ್ಲಿ ಇರಕೂಡದೆಂದು ಅಪ್ಪನ ಕೋಲು, ಕನ್ನಡಕ, ಚಾಪೆ, ಎಲ್ಲವನ್ನೂ ಮಧು ಸಾಗಹಾಕಿಸಿದ್ದ. ಅಮ್ಮ ಬೆಳ್ಳಮ್ಮ ಅತ್ತರೂ ಕೇಳಿರಲಿಲ್ಲ. ಡೇಟಾ ಸೋರತೊಡಗಿದ್ದು ಆಗಿನಿಂದಲೇ. ಮಹೇಶನಿಗೆ ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬೇರೆ. ಆ ಎರಡನೇ ಹೆಸರೂ ಅವನ ಮೊಬೈಲಿನ ಮಾಡೆಲಿನದೇ. ಜೋಡಿ ಆಫರಿನಲ್ಲಿ ತಂದಿದ್ದ ಸೆಟ್ಟು. ಇನ್ನೇನು ಸಾಕ್ಷಿ ಬೇಕು?

ತಮ್ಮನ ಅಂಗಡಿಯಿರುವ ಊರಿನಲ್ಲಿ ತೋರಿಸುವುದು ಬೇಡವೆಂದು ಮಧು ಚನ್ನರಾಯಪಟ್ಟಣದ ಬಸ್ಸು ಹತ್ತಿದ. ಅಲ್ಲಿನ ಮೊಬೈಲ್ ಅಂಗಡಿಯ ರಜನೀಶ್ ಸ್ಕ್ರೀನ್‌ಶಾಟ್ ನೋಡಿ ತಲೆಯಾಡಿಸಿದ.

"ಹ್ಯಾಕೂ ಇಲ್ಲ ಏನೂ ಇಲ್ಲ ಸಾ. ಪಾಸ್‌ವರ್ಡ್ ಗೊತ್ತಿರೋ ಮನೆಯವ್ರೇ ಯಾರೋ."

"ಮನೆಯವ್ರೇ!" ಮಧು ಹಲ್ಲು ಕಡಿದ. "ಅದನ್ನೇ ನಾನೂ ಏಳ್ತಿರಾದು."

"ಅವ್ರು ಸೇರ್ಕಂಡಾಗ ಹೆಸರು ಒತ್ತಿ. ಬ್ಲಾಕ್ ಅಂತ ಬತ್ತದೆ. ಅದನ್ನ ಒತ್ತುದ್ರೆ ಮುಗೀತು, ಮತ್ತೆ ಒಳಕ್ಕೆ ಬರಕಾಗಕಿಲ್ಲ."

ಮಧು ಒತ್ತುವ ಗಳಿಗೆಗಾಗಿ ಕಾದ. ಸುಮ್ಮನೆ ಒತ್ತಿದರೆ ಏನು ಬಂತು? ತಮ್ಮನ ಮುಖ ನೋಡುತ್ತಾ ಒತ್ತಬೇಕು.

ಪಿತೃಪಕ್ಷದ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಯ ಮುಂದಿಟ್ಟು, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಅಪ್ಪ ಹೋದಮೇಲೆ ಇದೇ ಮೊದಲ ಎಡೆ.

ಮಹೇಶ ಹೊಸ ಪಂಚೆ ಹಿಡಿದು ಹೊಸಿಲಿಗೆ ಬಂದ. ಮಧು ಬಾಗಿಲಿಗೆ ಅಡ್ಡ ನಿಂತ.

"ಕಳ್ಳರಿಗೆಲ್ಲ ಅಪ್ಪನ ಎಡೆ ಇಲ್ಲ. ಒಂಟೋಗು."

"ಏನ್ ಕದ್ದೆ ಅಣ್ಣ ನಾನು?"

ಮಧು ಸ್ಕ್ರೀನ್‌ಶಾಟ್ ತೋರಿಸಿದ. "ನಾಳೀಕೆ ಹಾಸನದ ಪೋಲೀಸ್ರಿಗೆ ಕೊಡ್ತೀನಿ. ನಿನ್ನ ಅಂಗ್ಡಿಗೆ ಬೀಗ ಬೀಳ್ಬೇಕು."

ಮಹೇಶ ಆ ಎರಡನೇ ಹೆಸರನ್ನು ನೋಡಿದ. ಅಣ್ಣನ ಭುಜದ ಮೇಲಿಂದ ಒಳಕೋಣೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಬೆಳ್ಳಮ್ಮ ಗಂಡನ ಫೋಟೋ ಒರೆಸುತ್ತಿದ್ದಳು.

"ನಾನೇ ಕಣಣ್ಣ. ತಪ್ಪಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಮಧುವಿನ ಮೈಯೆಲ್ಲ ಉರಿಯಿತು.

"ಇವತ್ತೊಂದಿನ ಅದನ್ನ ಆಫ್ ಮಾಡ್ಬ್ಯಾಡ," ಮಹೇಶನ ದನಿ ಕುಗ್ಗಿತ್ತು. "ಕೈ ಮುಗೀತೀನಿ. ಆಮ್ಯಾಕೆ ಏನಾರ ಮಾಡ್ಕೊ."

ಕದ್ದಿದ್ದಲ್ಲದೆ ಇನ್ನೊಂದು ದಿನ ಕದಿಯಲು ಬಿಡು ಎನ್ನುವ ಸೊಕ್ಕು! ಮಧು ತಮ್ಮನ ಎದೆಗೆ ಕೈಹಾಕಿ ತಳ್ಳಿದ. ಪಂಚೆ ಬೀದಿಯ ಧೂಳಿಗೆ ಬಿತ್ತು. ಮಹೇಶ ಅದನ್ನು ಕೊಡವಿ ಎತ್ತಿಕೊಂಡು ಎದುರಿನ ಕಟ್ಟೆಯ ಮೇಲೆ ಹೋಗಿ ಕುಳಿತ.

ಒಳಗೆ ಬೆಳ್ಳಮ್ಮ ಯಾರನ್ನೂ ಹತ್ತಿರ ಸೇರಿಸಲಿಲ್ಲ. "ಅವ್ರ್‌ಗೆ ಏನ್ ಇಷ್ಟ ಅಂತ ನಂಗೊತ್ತು. ನಾನೇ ಇಕ್ಕಿ ಬತ್ತೀನಿ, ನೀವು ನಡೀರಿ." ಕಿವಿ ಪೂರಾ ಮಂದವಾಗಿದ್ದ ಗಂಡನನ್ನು ಕೊನೆಗಾಲದಲ್ಲಿ ಕೈಸನ್ನೆಯಲ್ಲೇ ಸಾಕಿದವಳು ಅವಳು. ಬಹಳ ಹೊತ್ತಿನ ಮೇಲೆ ಹೊರಬಂದು, ಬಾಗಿಲು ಮುಚ್ಚಿ, ಜಗಲಿಯಲ್ಲಿ ಕುಳಿತಳು.

ಮಧುವಿಗೆ ತಡೆಯಲಿಲ್ಲ. ಕಳ್ಳನಿಗೆಂದೇ ಹಾಟ್‌ಸ್ಪಾಟ್ ಆನ್ ಮಾಡಿಟ್ಟಿದ್ದ. ಜೇಬಿನಿಂದ ಮೊಬೈಲು ತೆಗೆದ.

ಎರಡನೇ ಹೆಸರು ಬಂದಿತ್ತು!

ಕಟ್ಟೆಯ ಕಡೆ ನೋಡಿದ. ಮಹೇಶ ಪಂಚೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಆ ಕೈಗಳಲ್ಲಿ ಬೇರೇನಿದೆ, ಏನಿಲ್ಲ ಎಂದು ನೋಡುವ ವ್ಯವಧಾನ ಮಧುವಿಗೆಲ್ಲಿತ್ತು? ಅಪ್ಪನ ಎಡೆಯ ಹೊತ್ತಿನಲ್ಲೂ ಕದಿಯುತ್ತಾನಲ್ಲ, ನಾಚಿಕೆಗೆಟ್ಟವನು! ಹೆಸರನ್ನು ಒತ್ತಿದ. ಬ್ಲಾಕ್ ಎಂದು ಬಂತು. ಹಲ್ಲು ಕಚ್ಚಿ ಅದನ್ನೂ ಒತ್ತಿದ.

"ಓಯ್ತು ನೋಡ್ಲಾ ನಿನ್ನ ಆಟ!" ಎಂದು ಕೂಗಿದ.

ಮಹೇಶ ದಿಗ್ಗನೆ ಎದ್ದು ನಿಂತ. "ಅಣ್ಣಾ, ಎಂಥಾ ಕೆಲ್ಸ ಮಾಡ್ಬುಟ್ಟೆ!"

ಕೂಗಾಟಕ್ಕೆ ಬೆದರಿ ಬೆಳ್ಳಮ್ಮ ಬಾಗಿಲು ತೆರೆದಳು. ಎಲೆಯ ಮೇಲೆ ಮುದ್ದೆ, ಬಾಡಿನ ಸಾರು. ಪಕ್ಕದಲ್ಲಿ ನಶ್ಯದ ಡಬ್ಬಿ. ಫೋಟೋಕ್ಕೆ ಒರಗಿ ನಿಂತಿತ್ತು ಅಪ್ಪನ ಹಳೆಯ ಮೊಬೈಲು. ಜೋಡಿ ಆಫರಿನ ಇನ್ನೊಂದು ಸೆಟ್ಟು. ಅದರೊಳಗೆ ಸದ್ದಿಲ್ಲದ ಪೌರಾಣಿಕ ನಾಟಕ. ಕಿರೀಟ ತೊಟ್ಟವನೊಬ್ಬ ಎತ್ತಿದ ಗದೆ ಎತ್ತಿದ ಹಾಗೇ ನಿಂತಿದ್ದ. ಅವನ ಮುಖದ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಿತ್ತು.

"ಅಯ್ಯೋ, ದಿನಾ ತೋರುಸ್ತಿದ್ದ ನಾಟ್ಕ ಅರ್ಧುಕ್ಕೇ ನಿಂತೋಗದಲ್ಲಾ ಮಧು," ಬೆಳ್ಳಮ್ಮ ಮುಟ್ಟದ ಎಲೆಯನ್ನೇ ನೋಡುತ್ತಾ ಅಂದಳು, "ನಿಮ್ಮಪ್ಪ ಉಣ್ಣದೆ ಎದ್ದೋಗ್ಬುಟ್ರು ಕಣ್ಲಾ!"