ಶಾರ್ಜಾದ ಸೂರ್ಯ

ಸೂರ್ಯ ಮುಳುಗಲು ಹನ್ನೊಂದು ನಿಮಿಷ ಉಳಿದಿತ್ತು. ಕಾಶಿನಾಥ ಹೈದರಾಬಾದಿನ ಕಾಚಿಗೂಡದ ಮೂರನೆಯ ಮಹಡಿಯ ತನ್ನ ಮನೆಯ ಕಿಟಕಿಯಲ್ಲಿ ನಿಂತು, ಎದುರಿನ ಲಾಡ್ಜಿನ ನೀರಿನ ಟಾಕಿಯ ಮೇಲಿದ್ದ ಸೂರ್ಯನನ್ನೂ, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಹೆಂಡತಿ ಎಸ್ತೇರಮ್ಮನನ್ನೂ ಸರದಿಯಂತೆ ನೋಡುತ್ತಿದ್ದ. ‘ತಪ್ಪಾತು’ ಎಂಬ ಒಂದು ಮಾತು ನಿನ್ನೆಯಿಂದ ಗಂಟಲಿನ ತನಕ ಬಂದು ವಾಪಸು ಹೋಗುತ್ತಿತ್ತು.

“ಪಪ್ಪಾ, ಐದು ನಲವತ್ತೊಂದಕ್ಕ ಹೊತ್ತು ಮುಳುಗತದ,” ಮಗಳು ನಿಖಿತಾ ಮೊಬೈಲ್ ನೋಡಿ ಹೇಳಿದಳು. “ಲಗೂನ ಅಂದ್ಬಿಡ್ರಿ.”

ಮದುವೆಯ ದಿನ ಪಾಸ್ಟರ್ ಬೈಬಲಿನ ಮಾತು ಹೇಳಿ ಅವರಿಬ್ಬರಿಂದಲೂ ತೆಗೆದುಕೊಂಡ ವಚನ ಒಂದೇ: ಸಿಟ್ಟು ಬಂದರೆ ಬರಲಿ, ಹೊತ್ತು ಮುಳುಗುವುದರೊಳಗೆ ಅದನ್ನು ಬಿಟ್ಟುಬಿಡಬೇಕು. ಇಪ್ಪತ್ತಾರು ವರ್ಷ ಅವರು ಅದನ್ನು ಒಂದು ದಿನವೂ ಮುರಿದಿರಲಿಲ್ಲ. ನಾಳೆ ಭಾನುವಾರದ ಆರಾಧನೆಯಲ್ಲಿ ಇಡೀ ಸಭೆಯ ಮುಂದೆ ಕಾಶಿನಾಥ ಇದೇ ಸಾಕ್ಷಿ ಹೇಳಬೇಕಿತ್ತು. ಆದರೆ ಶುಕ್ರವಾರ ಸಂಜೆಯ ಪ್ರಾರ್ಥನಾ ಕೂಟದಲ್ಲಿ ತಾಳ್ಮೆಯ ಬಗ್ಗೆ ಮಾತಾಡುತ್ತ, “ತಾಳ್ಮಿ ಕಲೀಬೇಕಂದ್ರ ನಮ್ಮನಿಗಿ ಊಟಕ್ಕ ಬರ್ರಿ. ಎಸ್ತೇರಮ್ಮನ ಸಾರು ಅಂದ್ರ ಉಪ್ಪಿನ ಸಮುದ್ರ. ಇಪ್ಪತ್ತಾರು ವರ್ಷ ಬಾಯಿ ಮುಚ್ಚಿ ಉಂಡೀನಿ,” ಎಂದುಬಿಟ್ಟಿದ್ದ. ಮೂವತ್ತು ಮಂದಿ ನಕ್ಕರು. ಎಸ್ತೇರಮ್ಮ ನಗಲಿಲ್ಲ. ಆಮೇಲೆ ಮಾತೂ ಆಡಲಿಲ್ಲ. ಕೂಟ ನಡೆದದ್ದು ಹೊತ್ತು ಮುಳುಗಿದ ಮೇಲಾದ್ದರಿಂದ ಅವನ ಕೈಯಲ್ಲಿ ಶನಿವಾರದ ಪೂರ್ತಿ ಒಂದು ಹಗಲಿತ್ತು. ತಮಾಷೆಗೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ ಎಂದು ತನ್ನೊಳಗೇ ವಾದಿಸುತ್ತ ಅದನ್ನು ಕಳೆದಿದ್ದ.

ಸೂರ್ಯ ಟಾಕಿಯ ಹಿಂದೆ ಇಳಿದ. ಅಡುಗೆಮನೆಯಲ್ಲಿ ಒಂದು ಮುಚ್ಚಳ ಬಿತ್ತು.

“ಮುಳುಗ್ತು,” ಎಂದಳು ನಿಖಿತಾ.

“ಹೈದರಾಬಾದಿನಾಗ,” ಎಂದ ಕಾಶಿನಾಥ. ಅವನ ಮುಖ ಒಮ್ಮೆಲೇ ಅರಳಿತು. “ಬೀದರ್ ಪಶ್ಚಿಮಕ್ಕ ಅದ. ಅಲ್ಲಿ ಇನ್ನಾ ನಾಕು ನಿಮಿಷ ಇರತದ. ಮದುವಿ ಆಗಿದ್ದು ಬೀದರಿನಾಗ, ವಚನ ಕೊಟ್ಟಿದ್ದೂ ಅಲ್ಲೇ. ಅಲ್ಲಿ ಹೊತ್ತೇ ಲೆಕ್ಕಕ್ಕ ಹಿಡೀಬೇಕು.”

ಬೀದರಿನಲ್ಲಿದ್ದ ಅತ್ತೆ ಗೋದಾಬಾಯಿಗೆ ಫೋನ್ ಹಚ್ಚಿದ. “ಅತ್ತಿ, ಮಾಳಿಗಿ ಮ್ಯಾಲ ಹೋಗಿ ಸೂರ್ಯ ಅದಾನೇನು ನೋಡ್ರಿ.”

“ಯಾಕ, ನಿಮ್ಮ ಕಡಿಂದ ಓಡಿ ಬಂದಾನೇನು?” ಮೆಟ್ಟಿಲು ಹತ್ತುವ ಏದುಸಿರು ಕೇಳಿಸಿತು. “ಬೇವಿನ ಗಿಡದ ಹಿಂದ ಅರ್ಧ ಅದಾನಪ್ಪ. ನನ್ನ ಮಗಳಿಗಿ ಏನಂದ್ರಿ?”

“ಏನೂ ಇಲ್ರಿ.”

“ಏನೂ ಅನ್ನದ ಯಾರೂ ಸೂರ್ಯನ್ನ ಹುಡುಕಂಗಿಲ್ಲ, ಅಳಿಯಾ. ಏ, ಹೋದ ನೋಡ್ರಿ.”

ಕಾಶಿನಾಥ ಕುರ್ಚಿಯಲ್ಲಿ ಕುಸಿದ. ಮರುಕ್ಷಣ ಎದ್ದು ಶಾರ್ಜಾದಲ್ಲಿದ್ದ ತಮ್ಮ ರೋಹಿತನ ನಂಬರು ಒತ್ತಿದ.

“ಶಾರ್ಜಾದಾಗ ನಿಮ್ದು ಯಾವ ಮದುವಿ ಆಗ್ಯದ, ಪಪ್ಪಾ?” ಎಂದಳು ನಿಖಿತಾ.

“ಸುಮ್ಕಿರು.”

“ಇಲ್ಲಿ ಬಿಸಿಲು ಹೊಡೀಲಾಕತ್ತದ ಅಣ್ಣಾ,” ಎಂದ ರೋಹಿತ. “ನಿಮ್ಮ ಟೈಮ್ ಏಳೂ ಐದರ ತನಕ ಚಿಂತಿ ಇಲ್ಲ. ವೈನಿ ಸಿಟ್ಟಾಗ್ಯಾರೇನು? ಬೇಕಂದ್ರ ಲಂಡನ್‌ದಾಗ ನನ್ನ ದೋಸ್ತ ಒಬ್ಬ ಅದಾನ, ನಂಬರ್ ಕಳಸ್ತೀನಿ.”

ಹೊರಗೆ ಕತ್ತಲಾಯಿತು. ಎಸ್ತೇರಮ್ಮ ಒಲೆಯ ಮೇಲೆ ಕುಕ್ಕರ್ ಇಟ್ಟು, ಒಳಕೋಣೆಗೆ ಹೋಗಿ ನಾಳೆ ಚರ್ಚಿಗೆ ಉಡುವ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಕುಕ್ಕರ್ ಮೂರು ಸಲ ಕೂಗಿತು. ದಿನವೂ ಮೂರನೆಯ ಕೂಗಿಗೆ ‘ಯಾರರ ಆರಸ್ರಿ’ ಎಂಬ ಅವಳ ದನಿ ಬರುತ್ತಿತ್ತು. ಇಂದು ಬರಲಿಲ್ಲ. ನಾಲ್ಕಾಯಿತು, ಐದಾಯಿತು. ಕಾಶಿನಾಥ ಎದ್ದು ಹೋಗಿ ಆರಿಸಿದ. ಆರಿಸಿದ ಮೇಲೆ ಮನೆ ಇನ್ನಷ್ಟು ಸುಮ್ಮನಾಯಿತು. ಅವನು ಅಲ್ಲೇ, ಒಲೆಯ ಮುಂದೆ, ಬಹಳ ಹೊತ್ತು ನಿಂತಿದ್ದ.

ಏಳು ಗಂಟೆ ದಾಟಿ ಮೂರು ನಿಮಿಷಕ್ಕೆ ಒಳಕೋಣೆಯ ಬಾಗಿಲಿಗೆ ಬಂದ. “ತಪ್ಪಾತು.”

ಇಸ್ತ್ರಿ ಪೆಟ್ಟಿಗೆ ಸೀರೆಯ ಅಂಚಿನುದ್ದಕ್ಕೂ ನಿಧಾನವಾಗಿ ಹೋಗಿ ಬಂತು. “ಯಾವ ಊರಿನ ಟೈಮಿಗಿ?”

“ಶಾರ್ಜಾ. ಇನ್ನಾ ಎರಡು ನಿಮಿಷ ಅದ.”

“ಉಣ್ಲಾಕ ಬರ್ರಿ,” ಎಂದಳು.

ಸಾರು ಬಡಿಸಿದ ಕೂಡಲೇ ಕಾಶಿನಾಥನ ಕೈ ಎಂದಿನಂತೆ ಉಪ್ಪಿನ ಡಬ್ಬಿಗೆ ಹೋಗಿ ಚಮಚ ತುಂಬಿಕೊಂಡಿತು. ತುಂಬಿಕೊಂಡು, ತಟ್ಟೆಯ ಮೇಲೆ ನಿಂತಿತು. ಅವನು ಮೊದಲು ಸಾರಿನ ರುಚಿ ನೋಡಿದ. ಉಪ್ಪು ಸರಿಯಾಗಿತ್ತು. ಎಸ್ತೇರಮ್ಮ ಅವನ ಕೈಯನ್ನು ನೋಡಿದಳು. ಅವನು ಚಮಚವನ್ನು ಡಬ್ಬಿಗೆ ವಾಪಸು ಸುರಿದು ಮುಚ್ಚಳ ಹಾಕಿದ.

ಭಾನುವಾರ ಪಾಸ್ಟರ್ ಹೆಸರು ಕರೆದಾಗ ಕಾಶಿನಾಥ ಎದ್ದು ಮೈಕಿನ ಮುಂದೆ ನಿಂತ. “ಇಪ್ಪತ್ತಾರು ವರ್ಷದಾಗ ಒಂದಿನಾನೂ, ನಮ್ಮ ಸಿಟ್ಟಿನ ಮ್ಯಾಲ ಸೂರ್ಯ...” ಎಂದು ಶುರು ಮಾಡಿ ನಿಲ್ಲಿಸಿದ. ಹೆಂಗಸರ ಸಾಲಿನಲ್ಲಿ ಎಸ್ತೇರಮ್ಮ ಇಸ್ತ್ರಿಯ ಸೀರೆಯುಟ್ಟು ತಲೆ ತಗ್ಗಿಸಿ ಕುಳಿತಿದ್ದಳು.

“ಹೈದರಾಬಾದಿನ ಸೂರ್ಯ ಒಮ್ಮಿ ಮುಳುಗ್ಯಾನ್ರಿ,” ಎಂದ. “ನಿನ್ನಿ. ಬೀದರಿನವನೂ ಮುಳುಗ್ಯಾನ. ಶಾರ್ಜಾದಾಂವ ಎರಡು ನಿಮಿಷದಾಗ ಉಳಿಸ್ಯಾನ. ಮತ್ತ ಇನ್ನೊಂದು. ಸಾರಿಗಿ ಉಪ್ಪು ಜಾಸ್ತಿ ಹಾಕ್ಕೊಳ್ಳಾಂವ ನಾನ.”

ಸಭೆಗೆ ಏನೂ ಅರ್ಥವಾಗಲಿಲ್ಲ. ‘ಆಮೆನ್’ ಅನ್ನಬೇಕೋ ಬೇಡವೋ ತಿಳಿಯದೆ ಪಾಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಆ ನಿಶ್ಶಬ್ದದಲ್ಲಿ ಹೆಂಗಸರ ಸಾಲಿನಿಂದ ಒಂದೇ ಒಂದು ನಗು ಕೇಳಿಸಿತು. ಶುಕ್ರವಾರ ನಗದೆ ಉಳಿದವಳದು.